ಎರಡು ಬೀಗ, ಒಬ್ಬ ನಾಯಕನಟ

ಸೋಲು ನನಗೆ ಆಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಬಸ್ಸಿನ ಹಿಂದಿನ ಸೀಟು ಆಗುವುದಿಲ್ಲ, ನನಗೆ ಸೋಲು ಆಗುವುದಿಲ್ಲ, ಅಷ್ಟೆ. ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಊರಿನಲ್ಲಿ ಎಲ್ಲೆಲ್ಲಿ ಚರ್ಚಾಸ್ಪರ್ಧೆ ನಡೆಯಿತೋ ಅಲ್ಲಲ್ಲಿಗೆಲ್ಲ ಹೋಗಿ ಗಂಟಲು ಹರಿದುಕೊಂಡು ಕಪ್ಪುಗಳನ್ನು ಹೊತ್ತು ತಂದಿದ್ದೇನೆ. ಅವುಗಳಲ್ಲಿ ಅತಿ ದೊಡ್ಡದರಲ್ಲಿ ಅಮ್ಮ ಹುಣಸೆಹಣ್ಣು ಹಾಕಿಟ್ಟಿದ್ದಾಳೆ. ಎರಡು ಕಿವಿ ಇರುವುದರಲ್ಲಿ ಬಟ್ಟೆ ಕ್ಲಿಪ್ಪು. "ಏನಾದ್ರೂ ಉಪಯೋಗಕ್ಕೆ ಬರಲಿ ಬಿಡೇ" ಎನ್ನುತ್ತಾಳೆ. ಅವಳು ಹೇಳುವುದು ಕಪ್ಪಿನ ವಿಷಯವೋ ನನ್ನ ವಿಷಯವೋ ಎಂದು ನಾನು ಕೇಳಲು ಹೋಗಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಅವಳು ಕೇಳಿದಾಗ "ಸರಿ ಅಂದ್ರೆ ಯಾರ ಪ್ರಕಾರ?" ಎಂದು ವಾದ ಎತ್ತಿ, ಆ ದಿನ ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿದವಳು ನಾನು. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದಾಗ ಗೊತ್ತಾಗುತ್ತದೆ. ಒಮ್ಮೆ ಬಸವನಗುಡಿಯ ಕಾಲೇಜೊಂದರಲ್ಲಿ 'ಸಿನಿಮಾ ನಟರು ರಾಜಕೀಯಕ್ಕೆ ಬರಕೂಡದು' ಎಂದು ಮೇಜು ಗುದ್ದಿ ಮೊದಲ ಬಹುಮಾನ ಪಡೆದೆ. ಮುಂದಿನ ತಿಂಗಳು ಮಲ್ಲೇಶ್ವರದ ಕಾಲೇಜಿನಲ್ಲಿ 'ಬಂದೇ ತೀರಬೇಕು' ಎಂದು ಅದೇ ರಭಸದಲ್ಲಿ ಗುದ್ದಿ ಅಲ್ಲೂ ಮೊದಲ ಬಹುಮಾನ ಪಡೆದೆ. ಅದರಲ್ಲಿ ತಪ್ಪೇನೂ ಆಗ ನನಗೆ ಕಂಡಿರಲಿಲ್ಲ.

ಇಂಥ ನನ್ನನ್ನು ನೆಲಕ್ಕೆ ಹಾಕಿದ್ದು ಚಾಮರಾಜಪೇಟೆಯ ನಮ್ಮ ರಸ್ತೆಯ ಕೊನೆಯಲ್ಲಿರುವ ಒಂದು ಬಾಗಿಲು. ಅಲ್ಲೊಂದು ಹಳೆಯ ಛತ್ರವಿದೆ. ಅದರ ಮಗ್ಗುಲಿಗೆ ಅಂಟಿಕೊಂಡ ಒಂದೇ ಕೋಣೆಯ ವಾಚನಾಲಯ. ಎರಡು ಬೆಂಚು, ಒಂದು ಟ್ಯೂಬ್‌ಲೈಟು, ಎರಡು ಕನ್ನಡ ಪತ್ರಿಕೆ, ಕಿಟಕಿಯ ಕೆಳಗೆ ನಿಂತು ಓದುವುದಕ್ಕೆ ಒಂದು ಓರೆ ಮೇಜು. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ಓರೆ ಮೇಜಿನ ಅಂಚಿಗೆ ಗಲ್ಲ ಊರಿಕೊಂಡು. ಕಲಿಸಿದವರು ನಮ್ಮ ಎದುರುಮನೆಯ ಸೀತಾರಾಮ ಮೇಷ್ಟ್ರು. ಮೇಷ್ಟ್ರೂ ನಮ್ಮಪ್ಪ ಶ್ರೀಕಂಠಯ್ಯನವರೂ ಮೂವತ್ತು ವರ್ಷದ ಸ್ನೇಹಿತರು. ದಿನಾ ಸಂಜೆ ಆರು ಗಂಟೆಗೆ ಮೇಷ್ಟ್ರು ನಮ್ಮ ಗೇಟಿನ ಹತ್ತಿರ ನಿಂತು "ಏಯ್ ಕಂಠೀ" ಎಂದು ಕೂಗುವುದು, ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡುವುದು. ಕನ್ನಡಕವನ್ನು ಮಾತ್ರ ಅಪ್ಪ ಮನೆಯಲ್ಲೇ ಮರೆತು ಹೋಗುತ್ತಿದ್ದರು. ಮೇಷ್ಟ್ರ ಕನ್ನಡಕದ ನಂಬರೂ ಅಪ್ಪನದೂ ಒಂದೇ ಆದ್ದರಿಂದ ಒಬ್ಬರು ಒಂದು ಸುದ್ದಿ, ಇನ್ನೊಬ್ಬರು ಮತ್ತೊಂದು ಸುದ್ದಿ ಎಂದು ಸರದಿಯಲ್ಲಿ ಹಾಕಿಕೊಂಡು ಓದುತ್ತಿದ್ದರು. ಆಮೇಲೆ ಜಗಳ. ಏಕೆಂದರೆ ಅಪ್ಪನದು ಒಂದು ಪಕ್ಷ, ಮೇಷ್ಟ್ರದು ಇನ್ನೊಂದು. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಈ ಪ್ರಬಂಧ ಓದುತ್ತಿರುವವರಲ್ಲಿ ಅರ್ಧ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಉಳಿದರ್ಧ ಜನ ನಾನು ಅವರ ಕಡೆಯವಳೆಂದು ತಪ್ಪು ತಿಳಿಯುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ಚುನಾವಣೆಗಳು ಹಬ್ಬಗಳಿಗಿಂತ ಹತ್ತಿರ ಹತ್ತಿರ ಬರುತ್ತಿದ್ದವು. ಒಂದರ ಗೋಡೆಬರಹ ಅಳಿಸುವ ಮುಂಚೆಯೇ ಅದರ ಮೇಲೆ ಇನ್ನೊಂದರದು. ಅಂಥದ್ದೊಂದು ಚುನಾವಣೆಯ ಮತ ಎಣಿಕೆಯ ಮರುದಿನ, ಬೆಳಕು ಬೀಳುವ ಓರೆ ಮೇಜಿನ ಮೇಲೆ ಯಾವ ಪತ್ರಿಕೆ ಇಡಬೇಕು ಎಂಬ ಪ್ರಶ್ನೆ ಎದ್ದಿತು. ಮೇಜಿನ ಮೇಲೆ ಜಾಗವಿದ್ದದ್ದು ಒಂದಕ್ಕೆ. ಒಂದು ಪತ್ರಿಕೆ ಅಪ್ಪನ ಪಕ್ಷದ ಬಾಲ ಎಂದು ಮೇಷ್ಟ್ರು, ಇನ್ನೊಂದು ಮೇಷ್ಟ್ರ ಪಕ್ಷದ ತುತ್ತೂರಿ ಎಂದು ಅಪ್ಪ. ಮಾತಿಗೆ ಮಾತು ಬೆಳೆದು ಇಬ್ಬರೂ ಹೊರಗೆ ಬಂದದ್ದೇ ಅಪ್ಪ ಬಾಗಿಲು ಎಳೆದು ಬೀಗ ಹಾಕಿಬಿಟ್ಟರು. ವಾಚನಾಲಯಕ್ಕೆ ಅಪ್ಪ ಕಾರ್ಯದರ್ಶಿ, ಬೀಗ ಅವರ ಕೈಯಲ್ಲಿತ್ತು. ಮೇಷ್ಟ್ರು ಅಧ್ಯಕ್ಷರು, ಸುಮ್ಮನಿರುತ್ತಾರೆಯೇ? ನೇರ ಮಾರ್ಕೆಟ್ಟಿಗೆ ಹೋಗಿ ಇನ್ನೂ ದೊಡ್ಡದೊಂದು ಬೀಗ ತಂದು ಅದೇ ಚಿಲಕಕ್ಕೆ ಜಡಿದರು. ಒಬ್ಬರು ತೆಗೆದರೆ ಸಾಲದು, ಇಬ್ಬರೂ ತೆಗೆಯಬೇಕು. ಇಬ್ಬರೂ ತೆಗೆಯುವುದಿಲ್ಲ. ಪೇಪರ್ ಹಾಕುವವನಿಗೆ ಯಾರೂ ಬೇಡ ಎನ್ನಲಿಲ್ಲವಾದ್ದರಿಂದ ಅವನು ದಿನಾ ಬೆಳಿಗ್ಗೆ ಎರಡೂ ಪತ್ರಿಕೆಗಳನ್ನು ಕಿಟಕಿಯ ಸರಳುಗಳ ನಡುವಿನಿಂದ ಒಳಕ್ಕೆ ಎಸೆದು ಹೋಗುತ್ತಿದ್ದ. ಅವು ಒಂದರ ಮೇಲೊಂದು ಯಾವ ಭೇದವೂ ಇಲ್ಲದೆ ಮಲಗಿರುತ್ತಿದ್ದವು.

ಜಗಳದ ಆಳ ನನಗೆ ಗೊತ್ತಾದದ್ದು ಬೀಗದಿಂದಲ್ಲ, ಮರ್ಯಾದೆಯಿಂದ. ಒಂದು ದಿನ ರಸ್ತೆಯಲ್ಲಿ ಎದುರಾದಾಗ ಮೇಷ್ಟ್ರು "ಶ್ರೀಕಂಠಯ್ಯನವರು ಸ್ವಲ್ಪ ದಾರಿ ಬಿಡಬೇಕು" ಎಂದರು. ಅಪ್ಪ "ತಾವು ಹೋಗೋಣವಾಗಲಿ" ಎಂದರು. ಮೂವತ್ತು ವರ್ಷ 'ಕಂಠಿ' ಎಂದು ಕರೆದ ಬಾಯಿಂದ 'ಅವರು' ಬಂದರೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೇನಿದೆ? ಅಪ್ಪ ಆರು ಗಂಟೆಗೆ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕುಳಿತುಕೊಳ್ಳುತ್ತಿದ್ದರು. ಎದುರುಮನೆಯ ಕಿಟಕಿಯಲ್ಲಿ ಮೇಷ್ಟ್ರು. ಇಬ್ಬರೂ ತಾವು ಕಾಗೆ ನೋಡುತ್ತಿರುವವರಂತೆ ನಟಿಸುತ್ತಿದ್ದರು. ಏಳು ಗಂಟೆಗೆ ಅಪ್ಪ ಎದ್ದು ಅಡುಗೆಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕೆಂದು ಅಮ್ಮನಿಗೆ ಹೇಳಿಕೊಡುತ್ತಿದ್ದರು. ನಿವೃತ್ತಿಯಾದ ಮನುಷ್ಯನಿಗೆ ಹೋಗಲು ಒಂದು ಜಾಗವಿಲ್ಲದಿದ್ದರೆ ಮನೆಯವರ ಗತಿ ಏನೆಂಬುದು ಅನುಭವಿಸಿದವರಿಗೇ ಗೊತ್ತು. ಹತ್ತನೆಯ ದಿನ ಅಮ್ಮ ಸೌಟು ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು.

"ಇಷ್ಟೆಲ್ಲ ಕಪ್ ತಂದಿದೀಯಲ್ಲ, ಆ ಬೀಗ ತೆಗೆಸು. ಆಗಲ್ಲ ಅಂದ್ರೆ ನಿಮ್ಮಪ್ಪನ್ನ ಅದರೊಳಗೆ ಹಾಕಿ ಮೂರನೇ ಬೀಗ ಹಾಕ್ಬಿಡು."

ಅದೇ ವಾರ ಛತ್ರದ ಟ್ರಸ್ಟಿನವರು ಒಂದು ಚೀಟಿ ಅಂಟಿಸಿದರು. ತಿಂಗಳೊಳಗೆ ವಾಚನಾಲಯ ತೆರೆಯದಿದ್ದರೆ ಕೋಣೆಯನ್ನು ಎಸ್‌ಟಿಡಿ ಬೂತಿಗೆ ಕೊಡಲಾಗುವುದು. ನಾನು ಓದಲು ಕಲಿತ ಮೇಜಿನ ಜಾಗದಲ್ಲಿ ಯಾರೋ ನಿಂತುಕೊಂಡು ದುಬೈಗೆ "ಹಲೋ, ಕೇಳಿಸ್ತಿದ್ಯಾ?" ಎಂದು ಕಿರುಚುವುದನ್ನು ಕಲ್ಪಿಸಿಕೊಂಡೆ. ಕಪ್ಪುಗಳ ಮೇಲೆ ಆಣೆ ಮಾಡಿ ಹೊರಟೆ.

ಮೊದಲು ಅಪ್ಪನ ಮುಂದೆ ವಾದ ಮಂಡಿಸಿದೆ. ಸಾರ್ವಜನಿಕ ಸ್ಥಳದ ಮೇಲೆ ಪಕ್ಷದ ಹಕ್ಕಿಲ್ಲ ಎಂಬುದು ಮೊದಲನೆಯ ಅಂಶ, ಅದಕ್ಕೆ ಮೂರು ಉಪಾಂಶ. ಅಪ್ಪ ಪೂರ್ತಿ ಕೇಳಿ, "ಚೆನ್ನಾಗಿ ಮಾತಾಡ್ತೀಯ. ಹೋಗಿ ಎದುರುಮನೆಯವರಿಗೆ ಹೇಳು" ಎಂದರು. ಎದುರುಮನೆಯವರಿಗೆ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, "ಎರಡನೇ ಅಂಶದಲ್ಲಿ ಉಚ್ಚಾರಣೆ ಸ್ಪಷ್ಟ ಇರಲಿಲ್ಲ ವಸು. 'ಸಾರ್ವಜನಿಕ'ದಲ್ಲಿ ಉಸಿರು ತಗೋಬಾರ್ದು. ಮೊದಲು ಅವರು ತೆಗೆಯಲಿ" ಎಂದರು. ಸರಿ, ರಸ್ತೆಯವರ ಸಹಿ ಸಂಗ್ರಹಿಸೋಣವೆಂದು ಮನೆ ಮನೆ ಹತ್ತಿದೆ. ಎಲ್ಲರೂ ಕಾಫಿ ಕೊಟ್ಟರು, ಸಹಿ ಯಾರೂ ಕೊಡಲಿಲ್ಲ. "ಇದು ಯಾವ ಕಡೆಯವರದಮ್ಮಾ?" ಎಂಬುದು ಮೊದಲ ಪ್ರಶ್ನೆ. ಯಾವ ಕಡೆಯದೂ ಅಲ್ಲ ಎಂದರೆ, "ಹಂಗಂದ್ರೆ ಆ ಕಡೆಯದೇ" ಎಂದು ತೀರ್ಮಾನ. ಹದಿನೆಂಟು ಲೋಟ ಕಾಫಿ ಕುಡಿದು, ಒಂದೇ ಒಂದು ಸಹಿಯೊಂದಿಗೆ ಮನೆಗೆ ಬಂದೆ. ಅದೂ ನನ್ನದೇ.

ಮೂಲೆಯ ಹೂವಿನಂಗಡಿ ಲೋಕೇಶ ಇದನ್ನೆಲ್ಲ ಮಾರು ಕಟ್ಟುತ್ತ ನೋಡುತ್ತಿದ್ದ. ನಲವತ್ತರ ಹತ್ತಿರದ ಆಸಾಮಿ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೇವಂತಿಗೆ ತರುವುದು ಅವನ ಕಸುಬು. ನಾಯಕನಟ ಮಯೂರನಾಥರ ಅಭಿಮಾನಿ ಬಳಗಕ್ಕೆ ಅಧ್ಯಕ್ಷನಾಗಿರುವುದು ಅವನ ಜೀವನ.

"ಲಾಯರ್ ಮೇಡಂ, ಸುಮ್ನೆ ಯಾಕ್ ಚಪ್ಪಲಿ ಸವೆಸ್ತೀರ? ನಮ್ ಬಾಸ್‌ನ ಕರೆಸ್ತೀನಿ. ಎರಡು ಬೀಗ ಏನು, ವಿಧಾನಸೌಧಾನೇ ಓಪನ್ ಆಗುತ್ತೆ."

"ಲೋಕೇಶ್, ಒಬ್ಬ ನಟ ಬಂದು ಹೇಳಿದ್ರೆ ಮಾತ್ರ ಬುದ್ಧಿ ಬರುತ್ತೆ ಅನ್ನೋ ಸಮಾಜ ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಎಲ್ಲಿಗಾದ್ರೂ ಹೋಗ್ಲಿ ಮೇಡಂ, ವಾಚನಾಲಯಕ್ಕೆ ಹೋಗುತ್ತಲ್ಲ ಸದ್ಯ. ನೀವ್ ಹೇಳಿದ್ರಿ, ಯಾರಿಗ್ ಬಂತು ಬುದ್ಧಿ?"

ಇದು ವಾದವಲ್ಲ, ವೈಯಕ್ತಿಕ ನಿಂದೆ ಎಂದು ಹೇಳಿ ಬಂದೆ. ಆದರೆ ಮನಸ್ಸಿಗೆ ಚುಚ್ಚಿತು. ಏಕೆಂದರೆ ನಮ್ಮ ರಸ್ತೆಯಲ್ಲಿ ಎರಡೂ ಪಕ್ಷದವರು ಒಪ್ಪುತ್ತಿದ್ದ ಒಂದೇ ಒಂದು ಸಂಗತಿ ಮಯೂರನಾಥರು. ಹಾಗೆಂದು ಅವರು ರಾಜಕೀಯದಿಂದ ದೂರವಿದ್ದವರೇನಲ್ಲ. ಒಂದು ಚುನಾವಣೆಯಲ್ಲಿ ಅಪ್ಪನ ಪಕ್ಷದ ತೆರೆದ ಜೀಪಿನಲ್ಲಿ ನಿಂತು ಕೈ ಮುಗಿದಿದ್ದರು. ಅದರ ಮುಂದಿನದರಲ್ಲಿ ಮೇಷ್ಟ್ರ ಪಕ್ಷದ ಜೀಪಿನಲ್ಲಿ ನಿಂತು ಕೈ ಮುಗಿದಿದ್ದರು. ಅದೇ ಬಿಳಿ ಜುಬ್ಬಾ, ಅದೇ ನಗು. ಈ ಬಗ್ಗೆ ಅಪ್ಪನನ್ನು ಹಿಡಿದು ನಿಲ್ಲಿಸಿ ಕೇಳಿದ್ದೆ. "ಅದು ಮುಲಾಜಿಗೆ ಹತ್ತಿದ ಜೀಪು ಕಣೇ. ಮುಖ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ? ಮನಸ್ಸೆಲ್ಲ ನಮ್ಮ ಕಡೇನೇ" ಎಂದರು. ಮೇಷ್ಟ್ರೂ ಇದೇ ಮಾತನ್ನು, ಬೇರೆ ಜೀಪಿನ ಬಗ್ಗೆ, ಹೆಚ್ಚು ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳಿದರು. ತನಗೆ ಬೇಕಾದ್ದನ್ನು ತುಂಬಿಕೊಳ್ಳಲು ಪ್ರತಿಯೊಬ್ಬನಿಗೂ ಒಂದು ಖಾಲಿ ಪಾತ್ರೆ ಬೇಕು, ಅದು ಹೊಳೆಯುತ್ತಿದ್ದರೆ ಆಯಿತು ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಮುಂದಿನ ಸ್ಪರ್ಧೆಗೆ ಬೇಕಾಗುತ್ತದೆಂದು ಅಡಿಗೆರೆಯನ್ನೂ ಎಳೆದೆ.

ಗಡುವಿಗೆ ಎಂಟು ದಿನ ಉಳಿದಿತ್ತು. ಅವತ್ತು ಸಂಜೆ ಅಪ್ಪ ಆರು ಗಂಟೆಗೆ ಅಂಗಿ ಹಾಕಿಕೊಳ್ಳಲಿಲ್ಲ. ಬನಿಯನ್ನಿನಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ತಲೆನೋವಾ?" ಎಂದರೆ "ಇಲ್ಲ, ಎದ್ದು ಏನ್ಮಾಡ್ಲಿ?" ಎಂದರು. ಅದಕ್ಕೆ ನನ್ನಲ್ಲಿ ಒಂದು ಉಪಾಂಶವೂ ಇರಲಿಲ್ಲ. ಲೋಕೇಶನ ಅಂಗಡಿಗೆ ಹೋದೆ.

"ಆಯ್ತು, ಕರೆಸಿ. ಆದರೆ ಒಂದು ಷರತ್ತು. ಅವರು ಏನು ಹೇಳಬೇಕು ಅನ್ನೋದನ್ನ ನಾನು ಬರ್ಕೊಡ್ತೀನಿ."

"ಹಂಗ್ ಬನ್ನಿ ದಾರಿಗೆ" ಎಂದು ಲೋಕೇಶ ಒಂದು ಮಾರು ಮಲ್ಲಿಗೆಯನ್ನು ನನ್ನ ಕೈಗಿಟ್ಟ.

ನಾನು ದಾರಿಗೆ ಬಂದಿರಲಿಲ್ಲ. ಬಾಯಿ ಅವರದಾದರೂ ತರ್ಕ ನನ್ನದೇ ಇರಬೇಕು, ಗೆಲ್ಲುವುದು ತರ್ಕವೇ ಆಗಿರಬೇಕು ಎಂದು ಪಟ್ಟು ಹಿಡಿದಿದ್ದೆ. ಮೂರು ಹಾಳೆ ಬರೆದೆ. ನಾನು ಅವತ್ತಿನವರೆಗೆ ಬರೆದದ್ದರಲ್ಲೆಲ್ಲ ಅದೇ ಶ್ರೇಷ್ಠ. ಬಸವನಗುಡಿಯ ಒಂದು ಹಳೆಯ ಬಂಗಲೆಯಲ್ಲಿ ಶೂಟಿಂಗ್ ನಡೆಯುತ್ತಿತ್ತು, ಲೋಕೇಶ ಅಲ್ಲಿಗೆ ಕರೆದುಕೊಂಡು ಹೋದ. ಮಯೂರನಾಥರು ಪೊಲೀಸ್ ಅಧಿಕಾರಿಯ ವೇಷದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಸೌತೆಕಾಯಿ ತಿನ್ನುತ್ತಿದ್ದರು. ನನ್ನ ಹಾಳೆಗಳನ್ನು ಕೈ ಚಾಚಿ ದೂರ ಹಿಡಿದು ನೋಡಿದರು. ಇನ್ನೂ ದೂರ ಹಿಡಿದರು. ಕೈಯ ಉದ್ದ ಮುಗಿದ ಮೇಲೆ ಅತ್ತಿತ್ತ ನೋಡಿ, ಮೇಕಪ್ಪಿನವರ ಪೆಟ್ಟಿಗೆಯಿಂದ ಕನ್ನಡಕ ತೆಗೆದು ಮೂಗಿನ ಮೇಲಿಟ್ಟುಕೊಂಡು, "ಯಾರೂ ಫೋಟೋ ತೆಗೀಬೇಡ್ರಪ್ಪಾ" ಎಂದರು. ಆ ಕ್ಷಣಕ್ಕೆ ಅವರು ನಮ್ಮಪ್ಪನ ಥರವೇ ಕಂಡರು. ಮೂರೂ ಹಾಳೆ ಓದಿದರು.

"ಚೆನ್ನಾಗ್ ಬರೀತೀರಮ್ಮ. ಜೋರಾಗಿದೆ."

ಅಷ್ಟಕ್ಕೆ ನಾನು ಸುಮ್ಮನೆ ಬರಬಹುದಿತ್ತು. ಸುಮ್ಮನೆ ಬರುವುದು ನನ್ನ ಜಾಯಮಾನವಲ್ಲ. "ಸರ್, ತಪ್ಪು ತಿಳೀಬೇಡಿ. ಆ ಸಲ ಆ ಪಕ್ಷದ ಜೀಪು, ಈ ಸಲ ಈ ಪಕ್ಷದ ಜೀಪು. ನಿಮ್ಮ ನಿಜವಾದ ಅಭಿಪ್ರಾಯ ಯಾವುದು?" ಎಂದುಬಿಟ್ಟೆ. ಪಕ್ಕದಲ್ಲಿದ್ದ ಲೋಕೇಶ ನನ್ನ ಕಾಲು ತುಳಿದ.

ಮಯೂರನಾಥರು ಸೌತೆಕಾಯಿಗೆ ಉಪ್ಪು ಹಚ್ಚಿಕೊಂಡರು. "ನೀವು ಡಿಬೇಟ್‌ನಲ್ಲಿ ಎರಡೂ ಕಡೆ ಮಾತಾಡಿ ಕಪ್ ತಗೊಂಡಿದೀರಂತೆ. ಲೋಕೇಶ ಬಾಯ್ತುಂಬ ಹೇಳ್ತಿದ್ದ. ಮಾತು ಬರೆದುಕೊಡೋದು ಯಾರು?"

"ಯಾರೂ ಇಲ್ಲ, ನಾನೇ ಬರ್ಕೋತೀನಿ."

"ನೋಡಿ, ನಂಗೆ ಬೇರೆಯವರು ಬರ್ಕೊಡ್ತಾರೆ. ಅಷ್ಟೇ ವ್ಯತ್ಯಾಸ."

ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿದ ಗಂಟೆ ಹೊಡೆಯುವುದರೊಳಗೆ ಉತ್ತರ ಕೊಡದೆ ಬಿಟ್ಟವಳಲ್ಲ ನಾನು. ಈ ಮಾತಿಗೆ ಮಾತ್ರ ಉತ್ತರವನ್ನು ಇಂದಿಗೂ ಹುಡುಕುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ವಾಚನಾಲಯದ ಮುಂದೆ ಜನವೋ ಜನ. ಹದಿನೆಂಟು ಮನೆಯವರೂ ಇದ್ದರು, ಕಾಫಿ ಕೊಟ್ಟು ಸಹಿ ಕೊಡದವರು. ಬಾಗಿಲ ಎಡಕ್ಕೆ ಇಸ್ತ್ರಿ ಪಂಚೆಯಲ್ಲಿ ಅಪ್ಪ, ಬಲಕ್ಕೆ ಶಾಲು ಹೊದ್ದ ಮೇಷ್ಟ್ರು, ನಡುವೆ ಎರಡು ಬೀಗ. ಬೀಗಗಳಿಗೂ ಲೋಕೇಶ ಸೇವಂತಿಗೆ ಸುತ್ತಿದ್ದ. ಎರಡು ಗಂಟೆ ತಡವಾಗಿ ಮಯೂರನಾಥರು ಬಂದರು. ಹಾರ, ಸಿಳ್ಳೆ, ಮೈಕು. ಜೇಬಿನಿಂದ ನನ್ನ ಮೂರು ಹಾಳೆ ತೆಗೆದರು. ಕೈ ಚಾಚಿ ದೂರ ಹಿಡಿದರು. ಇನ್ನೂ ದೂರ ಹಿಡಿದರು. ನನಗೆ ಅರ್ಥವಾಗಿಹೋಯಿತು. ಅಭಿಮಾನಿಗಳ ಎದುರು ಕನ್ನಡಕ ಹಾಕುವ ನಾಯಕನಟ ಕನ್ನಡ ನಾಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಳೆಗಳು ಮಡಚಿಕೊಂಡು ಮತ್ತೆ ಜೇಬಿಗೆ ಹೋದವು. ನನ್ನ ಮೂರು ಅಂಶಗಳೂ ಒಂಬತ್ತು ಉಪಾಂಶಗಳೂ ಅವುಗಳೊಂದಿಗೆ ಹೋದವು.

"ನಂಗೆ ಭಾಷಣ ಬರಲ್ಲ" ಎಂದರು ಮಯೂರನಾಥರು. ಸಿಳ್ಳೆ. "ಬೆಳಗ್ಗಿಂದ ಪೇಪರ್ ನೋಡಿಲ್ಲ. ಯಾರಾದ್ರೂ ಹಿರಿಯರು ಓದಿ ಹೇಳಿದ್ರೆ ಕೇಳ್ಕೊಂಡು ಹೋಗ್ತೀನಿ." ಹೇಳಿ, ಜುಬ್ಬಾ ಸರಿಸಿ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

"ಪೇಪರ್ ಒಳಗಿದೆ ಬಾಸ್, ಕಿಟಕೀಲಿ ಹಾಕ್ತಾರೆ!" ಎಂದು ಲೋಕೇಶ ಕೂಗಿದ.

ಅಪ್ಪನ ಕೈ ಜೇಬಿಗೆ ಹೋಯಿತು. ಮೇಷ್ಟ್ರ ಕೈ ಸೊಂಟಕ್ಕೆ ಹೋಯಿತು. ಎರಡೂ ಕೈಗಳಲ್ಲಿ ಕೀಲಿಕೈ ಬಂದು ಅಲ್ಲೇ ನಿಂತವು.

"ಮೇಷ್ಟ್ರು ಮೊದಲು ತೆಗೆಯಲಿ."

"ಛೆ ಛೆ. ಶ್ರೀಕಂಠಯ್ಯನವರು ಮೊದಲು ಹಾಕಿದ್ದು. ತೆಗೆಯೋ ಗೌರವವೂ ಅವರದೇ."

ಮಯೂರನಾಥರು ಕುಳಿತಲ್ಲಿಂದಲೇ ತಲೆಯೆತ್ತಿ, "ಇಬ್ರೂ ಒಟ್ಟಿಗೆ ತೆಗೀರಿ ಸಾರ್. ನಾನು ಆಕ್ಷನ್ ಅಂತೀನಿ" ಎಂದರು. ಅವರು ಅನ್ನುವ ಮುಂಚೆ ಇಡೀ ರಸ್ತೆ "ಆಕ್ಷನ್!" ಎಂದು ಕೂಗಿತು. ಆ ಕೂಗಿಗೆ ಇಬ್ಬರ ಕೈಯೂ ತಂತಾನೇ ತಿರುಗಿರಬೇಕು. ಎರಡು ಬೀಗಗಳೂ ಸೇವಂತಿಗೆಯ ಸಮೇತ ಕೆಳಗೆ ಬಿದ್ದವು.

ಒಳಗೆ ಧೂಳು, ತಿಂಗಳ ಪತ್ರಿಕೆಗಳ ಗುಡ್ಡೆ. ಮಯೂರನಾಥರು ಒಂದು ಬೆಂಚಿನ ನಡುವೆ ಕುಳಿತರು. ಅಪ್ಪ ಗುಡ್ಡೆಯ ಮೇಲಿನ ಪತ್ರಿಕೆ ಎತ್ತಿಕೊಂಡು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಜೇಬು ತಡಕಿದರು. ಮತ್ತೆ ತಡಕಿದರು. ಕನ್ನಡಕ ಮನೆಯಲ್ಲಿತ್ತು. ನಾಡಿನ ಕಣ್ಮಣಿಯ ಮುಂದೆ, ಹದಿನೆಂಟು ಮನೆಯವರ ಮುಂದೆ, ಪತ್ರಿಕೆ ಹಿಡಿದುಕೊಂಡು ಅಪ್ಪ ಬೆವರಿದರು.

"ಏಯ್ ಕಂಠೀ, ತಗೊಳ್ಳೋ" ಎಂದು ಮೇಷ್ಟ್ರು ತಮ್ಮ ಕನ್ನಡಕ ತೆಗೆದು ಚಾಚಿದರು. "ಮೂವತ್ತು ವರ್ಷ ಆಯ್ತು, ಒಂದು ದಿನಾನಾದ್ರೂ ನೆಟ್ಟಗೆ ತಂದಿದೀಯಾ?"

ಅಪ್ಪ ಹಾಕಿಕೊಂಡು ಓದಿದರು. ನಾಲ್ಕನೆಯ ಸಾಲಿಗೆ ಮೇಷ್ಟ್ರು ಉಚ್ಚಾರಣೆ ತಿದ್ದಿದರು. ಆರನೆಯ ಸಾಲಿಗೆ "ಅದು ಹಸಿ ಸುಳ್ಳು ಕಣೋ, ಕೊಡೋ ಇಲ್ಲಿ" ಎಂದು ಕನ್ನಡಕ ಕಿತ್ತುಕೊಂಡು ಇನ್ನೊಂದು ಪತ್ರಿಕೆಯಿಂದ ಅದೇ ಸುದ್ದಿಯನ್ನು ಇನ್ನೊಂದು ರೀತಿಯಲ್ಲಿ ಓದಿದರು. ಮಯೂರನಾಥರು ಇಬ್ಬರಿಗೂ ಒಂದೇ ಅಳತೆಯಲ್ಲಿ ತಲೆಯಾಡಿಸಿದರು. ಹತ್ತು ನಿಮಿಷಕ್ಕೆ ಎದ್ದು ಹೊರಟರು. ಇವರಿಬ್ಬರಿಗೂ ಅದು ಗೊತ್ತಾಗಲಿಲ್ಲ. ಕಾರು ಹೋಗಿ, ಜನ ಕರಗಿ, ಲೋಕೇಶ ಮೈಕು ಬಿಚ್ಚಿದ ಮೇಲೂ ಒಳಗಿನಿಂದ "ನಿನ್ ತಲೆ" "ನಿಮ್ ಪಕ್ಷದ ತಲೆ" ಎಂದು ಕೇಳಿಬರುತ್ತಿತ್ತು. ಎಷ್ಟು ದಿನದ ಮೇಲೆ ಅಂಥ ಇಂಪಾದ ಏಕವಚನ ಕೇಳಿದೆ!

ಮನೆಗೆ ಬಂದ ಅಪ್ಪ ಊಟದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡು ಹೇಳಿದರು: "ಎಷ್ಟು ತೂಕವಾಗಿ ಮಾತಾಡಿದ್ರು ನೋಡು. ನಾಲ್ಕೇ ಮಾತು. ನೀನೂ ಇದೀಯ, ಮೂರು ವಾರದಿಂದ ಬಡ್ಕೊಂಡೆ." ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಹುಣಸೆಹಣ್ಣಿನ ಕಪ್ಪಿನ ಕಡೆ ನೋಡಿದಳು.

ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ಅಪ್ಪನಿಗೂ ಮೇಷ್ಟ್ರಿಗೂ ನನ್ನ ತರ್ಕ ತಿಳಿಯದೆ ಇರಲಿಲ್ಲ. ಒಬ್ಬರ ಮುಂದೆ ಇನ್ನೊಬ್ಬರು ಸೋಲಲಾರದೆ ಕುಳಿತಿದ್ದರು. ನಾನೂ ಸೋಲದವಳೇ ಆದ್ದರಿಂದ ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ. ಮಯೂರನಾಥರ ಮುಂದೆ ಸೋತರೆ ಯಾರಿಗೂ ನಾಚಿಕೆಯಿಲ್ಲ, ಇಡೀ ನಾಡೇ ಸೋತಿದೆ. ಹಾಗೆಂದು ನಾನು ಅಭಿಮಾನಿ ಬಳಗ ಸೇರಿಬಿಟ್ಟೆನೆಂದು ತಿಳಿಯಬೇಡಿ. ಅವತ್ತು ಬೀಗ ತೆಗೆಸಿದ ಅದೇ ನಗು ಮುಂದಿನ ಚುನಾವಣೆಯಲ್ಲಿ ಯಾವುದೋ ಜೀಪಿನ ಮೇಲೆ ನಿಂತು ಏನು ಹೇಳಿದರೂ ನಮ್ಮ ರಸ್ತೆ "ಆಕ್ಷನ್!" ಎಂದು ಕೂಗುತ್ತದೆಂಬುದು ನನಗೆ ಗೊತ್ತು. ಆ ಭಯ ನನಗಿನ್ನೂ ಹೋಗಿಲ್ಲ, ಹೋಗಕೂಡದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಈ ಒಂದು ವಿಷಯಕ್ಕೆ ನಾನು ಚೀಟಿ ಎತ್ತುವುದಿಲ್ಲ.

ಇನ್ನೊಂದು ಸಂಗತಿ ಉಳಿಯಿತು. ಅಂದು ಹೊರಡುವಾಗ ಲೋಕೇಶ ಮಯೂರನಾಥರ ಹಸ್ತಾಕ್ಷರ ಕೇಳಿದ್ದ. ಬೇರೆ ಕಾಗದ ಸಿಗದೆ ಅವರು ಜೇಬಿನಿಂದ ನನ್ನ ಹಾಳೆಗಳನ್ನೇ ತೆಗೆದು ಕೊನೆಯದರ ಹಿಂಬದಿಗೆ ದೊಡ್ಡದಾಗಿ ಸಹಿ ಹಾಕಿ ಮೂರನ್ನೂ ಅವನ ಕೈಗಿಟ್ಟಿದ್ದರು. ಲೋಕೇಶ ಮೂರೂ ಹಾಳೆ ಜೋಡಿಸಿ ಕಟ್ಟು ಹಾಕಿಸಿ ವಾಚನಾಲಯದಲ್ಲಿ ತೂಗುಹಾಕಿದ. ಸಹಿ ಜನರ ಕಡೆ, ನನ್ನ ತರ್ಕ ಗೋಡೆಯ ಕಡೆ. ಒಂದು ವರ್ಷ ಸಹಿಸಿದೆ. ಒಂದು ಸಂಜೆ, ಇದನ್ನು ತಿರುಗಿಸಿಯೇ ತೀರುತ್ತೇನೆಂದು ಹಟ ತೊಟ್ಟು ಹೋಗಿ ಬೆಂಚು ಹತ್ತಿ ಕಟ್ಟು ಇಳಿಸಿದೆ. ಹಿಂಬದಿಯ ರಟ್ಟು ಬಿಚ್ಚಿ, ಹಾಳೆಗಳನ್ನು ಕೈಗೆ ತೆಗೆದುಕೊಂಡು ಓದತೊಡಗಿದೆ. ಮೊದಲ ಪ್ಯಾರಾ ಜೋರಾಗಿತ್ತು. ಎರಡನೆಯದರ ನಡುವೆ ನನಗೊಂದು ಆಕಳಿಕೆ ಬಂತು. ಮೂರನೆಯ ಹಾಳೆಯನ್ನು ಓದಲಿಲ್ಲ. ಎಲ್ಲ ಜೋಡಿಸಿ, ಸಹಿಯನ್ನು ಮುಂದೆ ಮಾಡಿ, ಮೊದಲಿದ್ದಂತೆಯೇ ಮೊಳೆಗೆ ಹಾಕಿದೆ.

"ಸೊಟ್ಟಗಿದೆ, ಸ್ವಲ್ಪ ಮೇಲೆತ್ತು" ಎಂದರು ಎದುರಿನ ಬೆಂಚಿನಲ್ಲಿ ಮೇಷ್ಟ್ರ ಜೊತೆ ಕುಳಿತಿದ್ದ ಅಪ್ಪ.

"ಏನೂ ಬೇಡ ವಸು, ಕೆಳಗಿಳಿಸು. ಇವನಿಗೆ ಕನ್ನಡಕ ಇಲ್ಲ" ಎಂದರು ಮೇಷ್ಟ್ರು.

ನಾನು ಎರಡೂ ಕೈಯಲ್ಲಿ ಕಟ್ಟು ಹಿಡಿದುಕೊಂಡು, ಇಬ್ಬರ ವಾದ ಮುಗಿಯಲೆಂದು ಬೆಂಚಿನ ಮೇಲೆಯೇ ನಿಂತಿದ್ದೆ.